ಇನ್ನೊಂದು ಗಾಜು

"ನೋಡೀಮ್ಮಾ, ನಿಮ್ಮ ಮಗಳ ಜೀವಕೋಶ. ಒಳಗೇ ಸಿಕ್ಕಿಹಾಕ್ಕೊಂಡಿದ್ದ ಪ್ರೋಟೀನು ನಮ್ಮ ಔಷಧಿಯಿಂದ ಹೊರಮೈಗೆ ಬಂದು ಹೇಗೆ ಹಸಿರಾಗಿ ಹೊಳೀತಿದೆ!" ಪ್ರೊಫೆಸರರು ಸೂಕ್ಷ್ಮದರ್ಶಕದ ಪರದೆ ತೋರಿಸಿದರು. ತಾಯಿ ಕಣ್ಣೊರೆಸಿಕೊಂಡಳು. ಹಿಂದೆ ನಿಂತಿದ್ದ ಲ್ಯಾಬ್ ಸಹಾಯಕಿಗೆ ಮೈಯೆಲ್ಲ ಉರಿದುಹೋಯಿತು.

ಪ್ರೋಟೀನಿಗೆ ಅಂಟಿ ಹೊಳೆಯುವ ಹಸಿರು ಬಣ್ಣ ಹಾಕುವ ಮುಂಚೆ ಕೋಶಗಳಿಗೆ ಸೋಪಿನ ದ್ರಾವಣ ಸೋಕಬಾರದು. ಸೋಕಿದರೆ ಪೊರೆ ತೂತಾಗಿ ಬಣ್ಣ ಒಳಕ್ಕೆ ನುಗ್ಗುತ್ತದೆ. ಹೊರಗೆ ಬಾರದ ಪ್ರೋಟೀನೂ ಹೊಳೆಯುತ್ತದೆ. ಮೊನ್ನೆ ಅವಸರದಲ್ಲಿ ಆ ತಪ್ಪು ಮಾಡಿದವಳು ಅವಳೇ. ಅಂದೇ ಬಂದು ಒಪ್ಪಿಕೊಂಡಿದ್ದಳು. "ಚಿತ್ರ ಚೆನ್ನಾಗಿ ಬಂದಿದೆಯಲ್ಲ, ಬಾಯಿ ಮುಚ್ಕೊಂಡಿರು," ಎಂದಿದ್ದರು ಪ್ರೊಫೆಸರರು.

"ಹಾಗಾದ್ರೆ ಹಳೇ ಔಷಧಿ ನಿಲ್ಲಿಸಿಬಿಡ್ಲಾ ಸಾರ್?" ತಾಯಿ ಕೇಳಿದಳು.

"ಇವತ್ತಿಂದಲೇ ನಿಲ್ಸಿ."

ಸಹಾಯಕಿ ಪ್ರೊಫೆಸರರನ್ನು ಮೊಣಕೈಯಿಂದ ಸರಿಸಿ, ಮೊನ್ನೆಯದೇ ಇನ್ನೊಂದು ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪರದೆ ಮತ್ತೆ ಅಷ್ಟೇ ಹಸಿರಾಯಿತು.

"ಏನಿದು, ತಲೆ ಕೆಟ್ಟಿದೆಯಾ ನಿನಗೆ?" ಪ್ರೊಫೆಸರರು ಗದರಿದರು.

ಅವಳು ಅವರತ್ತ ತಿರುಗಲೇ ಇಲ್ಲ. "ಅಕ್ಕಾ, ಇದೂ ನಿಮ್ಮ ಮಗಳದೇ. ಇದಕ್ಕೆ ಒಂದು ಹನಿ ಔಷಧಿಯನ್ನೂ ಹಾಕಿಲ್ಲ."