ಮೂರನೇ ಕಂಪ್ಯೂಟರಿನ ಟಿಕ್

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹರೀಶ ಮೂರನೇ ಕಂಪ್ಯೂಟರಿನ ಮುಂದೆ ಕೂತು ಆಟ ತೆರೆದ. ‘ಇತರರ ಉಡುಪು ತೋರಿಸಬೇಡ’ ಎಂಬಲ್ಲಿ ಒಂದೇ ಒಂದು ಟಿಕ್ ಹಾಕಿದ. ಆಮೇಲೆ ಏನೂ ಅರಿಯದವನಂತೆ ಎದ್ದು ಬಂದು ಕೌಂಟರಿನ ಹಿಂದೆ ಕೂತ.

ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸೈಬರ್ ಕೆಫೆ ಅವನದೇ. ಊರೂರಿನವರು ಇಂಟರ್‌ನೆಟ್‌ನಲ್ಲಿ ಸೇರಿ ಆಡುವ ಆ ಯುದ್ಧದಾಟ ಬಂದಮೇಲೆ ಅವನ ಐದೂ ಕಂಪ್ಯೂಟರುಗಳಿಗೆ ಬಿಡುವಿರಲಿಲ್ಲ. ಆಡುವವರು ಕತ್ತಿ ಬೀಸುವುದಕ್ಕಿಂತ ಉಡುಪು ಕೊಳ್ಳುವುದರಲ್ಲೇ ಮುಂದು. 2009ರ ದೀಪಾವಳಿಗೆ ಕಂಪನಿ ಸೀರೆ, ಶೇರ್ವಾನಿ ಕೂಡ ಮಾರಿತು. ಈ ಝಗಮಗದಲ್ಲಿ ವೈರಿ ಯಾರು, ನಮ್ಮವನು ಯಾರು ತಿಳಿಯುವುದಿಲ್ಲವೆಂದು ಅರ್ಧ ಜನ ಬಾಯಿ ಬಡಿದುಕೊಂಡಿದ್ದಕ್ಕೆ ಆ ಟಿಕ್ ಬಂದಿತ್ತು. ಹಾಕಿದ ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಉಳಿದವರೆಲ್ಲ ಮೊದಲ ದಿನದ ಕಂದು ಅಂಗಿಯಲ್ಲಿ ಕಾಣುತ್ತಿದ್ದರು. ಉಟ್ಟವರಿಗೆ ಅದರ ಸುಳಿವೂ ಹತ್ತುತ್ತಿರಲಿಲ್ಲ.

ಕೆಫೆಯಲ್ಲಿ ಅದರ ಮೇಲೆ ಜಗಳವೇ ಆಗಿತ್ತು.

“ಕಣ್ಣು ನಂದು. ಏನ್ ನೋಡಬೇಕು, ಏನ್ ಬಿಡಬೇಕು, ನಾ ಹೇಳಾಂವ,” ಎಂದಿದ್ದ ಹರೀಶ.

“ಅವ್ರು ಉಡೂದು ನೋಡೋರ ಸಲುವಾಗಿನ ಅಲ್ಲೇನಣ್ಣಾ? ಉಟ್ಟೋರಿಗೆ ಹೇಳದ ಕಳಚೂದು ಛಲೋ ಅಲ್ಲ,” ಎಂದಿದ್ದ ಗಂಗಾರಾಮ. ಆ ಟಿಕ್ ಎಲ್ಲಿದೆಯೆಂದು ಅವನು ಹುಡುಕಿಯೂ ನೋಡಿರಲಿಲ್ಲ, ಪುಣ್ಯಾತ್ಮ.

ಗಂಗಾರಾಮ ಗಣೇಶಗುಡಿಯಲ್ಲಿ ಹೊಳೆಯ ಮೇಲೆ ಪ್ರವಾಸಿಗರ ರಾಫ್ಟ್ ನಡೆಸುವ ಸಿದ್ದಿ ಜನಾಂಗದ ಹುಡುಗ. ಮಂಗಳವಾರ ರಜೆ, ಆ ದಿನ ಮೂರನೇ ಕಂಪ್ಯೂಟರು ಅವನದು. ಆಟದಲ್ಲಿ ಅವನಿಗೆ ಪರಿಚಯವಾದವಳು ಹಳಿಯಾಳದ ಕಾಜಲ್. ಹಳಿಯಾಳದ ಸಂತೆಯಲ್ಲಿ ಎರಡು ಸಲ ಭೇಟಿಯೂ ಆಗಿ, ಪರಿಚಯ ಪ್ರೀತಿಯಾಗಿತ್ತು. ಅವಳು ಮನೆಯಲ್ಲೇ ಕೂತು ಆಡುತ್ತಿದ್ದಳು. ಪಕ್ಕದಲ್ಲಿ ಅಣ್ಣ ಪರಶುರಾಮನ ಕಾವಲು.

ಹರೀಶನ ಹೊಟ್ಟೆ ಉರಿಯುವುದಕ್ಕೆ ಕಾರಣವಿತ್ತು. ಅದೇ ಕಾಜಲ್‌ಳನ್ನು ಸೊಸೆಯಾಗಿ ಕೇಳಲು ಅವನ ಅವ್ವ ಮೋತಿಬಾಯಿ ಹಳಿಯಾಳಕ್ಕೆ ಚಪ್ಪಲಿ ಸವೆಸುತ್ತಿದ್ದಳು. ಒಂದೇ ಜಾತಿ, ಗೊತ್ತಿದ್ದ ಮನೆ. ಆದರೂ ಅವರು ‘ನೋಡೋಣ’ ಎಂದು ಎಳೆಯುತ್ತಲೇ ಇದ್ದರು. ಹರೀಶನಿಗೆ ಮಾತ್ರ ಆದರೆ ಅವಳೇ, ಇಲ್ಲವೆಂದರೆ ಯಾರೂ ಬೇಡ.

ಹಿಂದಿನ ಮಂಗಳವಾರ ಗಂಗಾರಾಮ ಆಟ ಮುಚ್ಚದೆ ಎದ್ದುಹೋಗಿದ್ದ. ಕಾಜಲ್ ಅವಸರದಲ್ಲಿ ಬರೆದದ್ದು ಪರದೆಯ ಮೇಲೆ ಹಾಗೇ ಉಳಿದಿತ್ತು.

“ಬರೂ ಮಂಗಳವಾರ ನಾಕಕ್ಕ ಆಟದಾಗಿನ ಬಾವಿ ಕಡೆ ಬಾ. ಅಣ್ಣ ಬಾಜೂಕ ಇರ್ತಾನ, ಬರ್ಯಾಕ ಆಗೂದಿಲ್ಲ. ಹಸಿರ ಸೀರಿ ಉಟ್ಟಿದ್ರ ತಿಳ್ಕೊ. ಉಟ್ಟಿಲ್ಲಂದ್ರೂ ತಿಳ್ಕೊ. ಸಂತ್ಯಾಗ ಹೇಳಿದ್ನಲ್ಲಾ, ಹಂಗ.”

ಇದರಲ್ಲಿ ತಿಳಿಯಲಾರದ್ದೇನಿದೆ? ಹಸಿರು ಸೀರೆ, ಹಸಿರು ಬಳೆ ಎಂದರೆ ಮದುಮಗಳು ಎಂಬುದು ಹಳಿಯಾಳದ ಕೂಸಿಗೂ ಗೊತ್ತು. ಉಟ್ಟರೆ ನಿನ್ನವಳು, ಉಡದಿದ್ದರೆ ನನ್ನ ಮರೆತುಬಿಡು. ಹರೀಶ ಎರಡು ದಿನ ಹಲ್ಲು ಕಡಿದ. ಮೂರನೇ ದಿನ ಅವನಿಗೆ ಟಿಕ್ ನೆನಪಾಯಿತು.

ನಾಲ್ಕಕ್ಕೆ ಸರಿಯಾಗಿ ಗಂಗಾರಾಮ ಬಂದ. ಇಸ್ತ್ರಿ ಅಂಗಿ ಹಾಕಿದ್ದ.

ಹರೀಶ ತನ್ನ ಕಂಪ್ಯೂಟರಿನಲ್ಲೂ ಆಟ ತೆರೆದ. ಬಾವಿಯ ಕಟ್ಟೆಯ ಬಳಿ ಕಾಜಲ್ ಒಬ್ಬಳೇ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಹಸಿರು. ಅವನ ಎದೆಗೆ ಕಿಚ್ಚು ಬಿತ್ತು. ಕತ್ತು ಚಾಚಿ ಮೂರನೇ ಪರದೆ ನೋಡಿದ. ಅಲ್ಲಿ ಅವಳೇ, ಅದೇ ಬಾವಿ, ಮೈಮೇಲೆ ಮಾತ್ರ ಕಂದು ಅಂಗಿ.

ಗಂಗಾರಾಮ ಪರದೆಗೆ ಮುಖ ಹತ್ತಿರ ತಂದು ನೋಡಿದ. ಆಮೇಲೆ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ನಡುಗುತ್ತಿತ್ತು. ಹರೀಶನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಾಲದ್ದಕ್ಕೆ ಹತ್ತಿರ ಹೋಗಿ ಬೆನ್ನು ಬೇರೆ ಸವರಿದ.

“ಯಾಕೋ, ಏನಾತು?”

“ಆಗೂದೆಲ್ಲಾ ಇವತ್ತ ಆಗ್ಬೇಕಣ್ಣಾ,” ಎಂದು ಗಂಗಾರಾಮ ಕಣ್ಣೊರೆಸಿಕೊಂಡ. “ನಿನ್ನ ಗಾಡಿ ಕೊಡ್ತೀಯೇನ? ಬಸ್ಸಿಗೆ ಕಾಯೂವಷ್ಟ ತಾಳ್ಮಿ ಇಲ್ಲ ನನಗ.”

ಗಣೇಶಗುಡಿಗೆ ಹೋಗಿ ಹೊಳೆಯ ದಂಡೆಯ ಮೇಲೆ ಮನಸಾರೆ ಅತ್ತುಕೊಳ್ಳಲಿ, ಪಾಪ. ಗೆದ್ದವನು ಇಷ್ಟೂ ಮಾಡದಿದ್ದರೆ ಹೇಗೆ? ಹರೀಶ ಬೈಕಿನ ಕೀಲಿ ಕೊಟ್ಟ.

“ನಿನ್ನ ಉಪಕಾರ ಸಾಯೂತನಕ ಮರ್ಯಾಂಗಿಲ್ಲಣ್ಣಾ.”

“ಮರೀಬ್ಯಾಡ,” ಎಂದು ಹರೀಶ ನಕ್ಕ.

ಐದೂವರೆಗೆ ಮೋತಿಬಾಯಿ ಪೇಢೆಯ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಬಂದಳು. “ಒಪ್ಪಿದ್ರಪಾ! ಮಧ್ಯಾಹ್ನನ ಒಪ್ಪಿದ್ರಂತ. ಹುಡುಗೀನೂ ಹೂಂ ಅಂದಾಳ. ಈಗ ಫೋನ್ ಬಂತು.”

ಹರೀಶ ಕೆಫೆಯಲ್ಲಿದ್ದವರಿಗೆಲ್ಲ ಪೇಢೆ ಹಂಚಿದ. ತಾನು ಎರಡು ತಿಂದ.

ಆರಕ್ಕೆ ಅವನ ಮೊಬೈಲು ಬಡಿದುಕೊಂಡಿತು. ಪರಶುರಾಮ. ದನಿ ಒಡೆದಿತ್ತು.

“ಹರೀಶ, ಕಾಜಲ್ ಓಡಿ ಹೋದ್ಲೋ. ಆ ಸಿದ್ದಿ ಹುಡುಗನ ಜೋಡಿ, ನಿನ್ನ ಗಾಡಿ ಮ್ಯಾಲ. ಓಣಿ ಮಂದಿ ನೋಡ್ಯಾರ. ನನಗ ಒಂದ ಚೀಟಿ ಬರದಿಟ್ಟಾಳ.”

ಪರಶುರಾಮ ಓದತೊಡಗಿದ.

“‘ಅಣ್ಣಾ, ಹಸಿರ ಸೀರಿ ಉಟ್ಟಿದ್ರ ನನ್ನ ಲಗ್ನ ಮನಿಯವ್ರು ನೋಡಿದ ವರನ ಜೋಡಿ ಗಟ್ಟಿ ಆತು, ನೀ ಬರಬ್ಯಾಡ, ಉಟ್ಟಿಲ್ಲಂದ್ರ ಬಂದು ಕರ್ಕೊಂಡ ಹೋಗು ಅಂತ ಗಂಗಾರಾಮಗ ಹೇಳಿಟ್ಟಿದ್ದೆ, ಉಟ್ಟ ನಿಂತೆ, ಆದ್ರೂ ಬಂದು ಬಾಗಲದಾಗ ನಿಂತಾನ, ಇಂಥಾವನ್ನ ಹೆಂಗ ಬಿಡ್ಲಿ?’”