ಹೊಸ ನಕ್ಷೆಯಲ್ಲಿ ನಮ್ಮ ಬೀದಿ

ನೀಲಿ ಚುಕ್ಕಿ ಹುಲ್ಲುಹಾಸಿನ ನಟ್ಟನಡುವೆ ನಿಂತಿತ್ತು. ಪಾರ್ಸೆಲ್ ವ್ಯಾನಿನ ಡ್ರೈವರ್ ಫೋನನ್ನು ಒಮ್ಮೆ ಕೊಡವಿದ, ಮೇಲೆತ್ತಿ ಹಿಡಿದ, ತೊಡೆಗೆ ಒರೆಸಿ ಮತ್ತೆ ನೋಡಿದ. ಚುಕ್ಕಿ ಕದಲಲಿಲ್ಲ. ತನ್ನ ಮನೆಯ ಹೊಸ್ತಿಲ ಮೇಲೆ ಕೂತ ಅವನು, ನಕ್ಷೆಯ ಪ್ರಕಾರ, ಪಾರ್ಕೊಂದರಲ್ಲಿ ಗಾಳಿ ಸೇವಿಸುತ್ತಿದ್ದ.

“ಬಾರೇ ಇಲ್ಲಿ,” ಎಂದು ಹೆಂಡತಿಯನ್ನು ಕೂಗಿದ. “ನಮ್ಮನೆ ಮೇಲೆ ಹುಲ್ಲು ಬೆಳೆದಿದೆ!”

ದಾರಿ ತೋರಿಸುವ ಆ್ಯಪ್ ಇಲ್ಲದವನಿಗೆ ನಾಳೆಯಿಂದ ಗಾಡಿಯ ಕೀಲಿ ಇಲ್ಲ ಎಂದು ಕಂಪನಿಯ ಅಪ್ಪಣೆಯಾಗಿತ್ತು. ಸರಕು ಕಂಪನಿಯದು, ಲಾಭ ಕಂಪನಿಯದು, ಆ್ಯಪಿನ ಖರ್ಚು ಮಾತ್ರ ಡ್ರೈವರನದು. ಅದರಲ್ಲೂ ಎರಡು ಬಗೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಕೊಂಡರೆ ನಕ್ಷೆ ಸಾಯುವ ತನಕ ನಿಮ್ಮದು. ಆದರೆ ಅದು ಹಳೇ ನಕ್ಷೆ, ಕೊಂಡ ದಿನ ಹೇಗಿತ್ತೋ ಹಾಗೇ ಇರುತ್ತದೆ. ತಿಂಗಳು ತಿಂಗಳು ಚಂದಾ ಕಟ್ಟಿದರೆ ವಾರಕ್ಕೊಮ್ಮೆ ಹೊಸ ನಕ್ಷೆ. ಎರಡನ್ನೂ ಒಂದು ದಿನ ಪುಕ್ಕಟೆ ಬಳಸಿ ನೋಡಬಹುದಿತ್ತು. ಕಣ್ಣು ಮುಚ್ಚಿದರೂ ಗೊತ್ತಿರುವ ಜಾಗದಲ್ಲೇ ಪರೀಕ್ಷೆ ಮಾಡೋಣವೆಂದು ಅವನು ಹೊಸ್ತಿಲಿಗೆ ಬಂದು ಕೂತಿದ್ದ. ಒಂದೇ ಸಲ ಕೊಳ್ಳುವ ನಕ್ಷೆಯಲ್ಲಿ ಬೀದಿ ಇತ್ತು, ಅದರ ಡೊಂಕು ಇತ್ತು, ಮೂಲೆಯ ನಲ್ಲಿಕಟ್ಟೆಯೂ ಇತ್ತು. ಚಂದಾದ್ದರಲ್ಲಿ ಬರೀ ಹಸಿರು, ನಾಲ್ಕಾರು ಬೆಂಚು, ನಡೆದಾಡಲು ಅಂಕುಡೊಂಕು ದಾರಿ.

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಬಂದು ಬಗ್ಗಿ ನೋಡಿದಳು. ಎದುರುಮನೆಯ ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕತ್ತು ಚಾಚಿದಳು.

“ಅಯ್ಯೋ, ಹಾಗಾದ್ರೆ ನಾನು ಬೆಂಚಿನ ಮೇಲೆ ಕೂತು ಹೊಲೀತಿದ್ದೀನಾ? ಕಾವಲುಗಾರ ಬಂದು ಎಬ್ಬಿಸ್ತಾನೆ ಅಷ್ಟೆ!”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಅವನು ಸಹಾಯವಾಣಿಗೆ ಫೋನು ಮಾಡಿದ.

“ತಪ್ಪೇನೂ ಆಗಿಲ್ಲ ಸರ್,” ಎಂದಿತು ಜೇನು ಸವರಿದ ಹೆಣ್ಣುದನಿ. “ಯೋಜನೆ ಮಂಜೂರಾದ ವಾರವೇ ನಾವು ನಕ್ಷೆಗೆ ಹಾಕ್ತೀವಿ. ಅದೇ ನಮ್ಮ ವಿಶೇಷ.”

“ಯಾವ ಯೋಜನೆ? ಯಾರು ಮಂಜೂರು ಮಾಡಿದ್ದು? ನಮಗೆ ಯಾರೂ ಹೇಳೇ ಇಲ್ವಲ್ಲಮ್ಮ!”

“ನೀವಿನ್ನೂ ಚಂದಾದಾರರಾಗಿಲ್ಲ ಸರ್.”

“ಬೀದಿ ಎಲ್ಲೂ ಹೋಗಿಲ್ಲ ತಾಯಿ. ನಾನು ಅದ್ರಲ್ಲೇ ಕೂತು ಮಾತಾಡ್ತಿದ್ದೀನಿ.”

“ಸಿಗ್ನಲ್ ತೊಂದ್ರೆ ಇರಬಹುದು. ಮನೆ ಬಿಟ್ಟು ಹೊರಗೆ ಬಂದು ಇನ್ನೊಂದ್ಸಲ ನೋಡಿ ಸರ್.”

ಹೊಲಿಗೆ ಯಂತ್ರ ಮತ್ತೆ ಶುರುವಾಗಲಿಲ್ಲ. ಟೈಲರಕ್ಕ ತನ್ನ ಮನೆಯ ಗೋಡೆಯನ್ನೊಮ್ಮೆ ಮುಟ್ಟಿ ನೋಡಿದಳು.

“ರೀ, ಒಂದೇ ಸಲದ್ದೇ ತಗೊಂಡ್ಬಿಡಿ,” ಎಂದಳು ಹೆಂಡತಿ. “ದುಬಾರಿ ಆದ್ರೆ ಆಗ್ಲಿ. ಅದ್ರಲ್ಲಾದ್ರೂ ನಮ್ಮನೆ ಯಾವತ್ತೂ ಇರುತ್ತೆ.”

“ಅದ್ರಲ್ಲಿರೋ ಮನೇಲಿ ಕಾಲು ಚಾಚಿ ಮಲಗೋಕಾಗುತ್ತೇನೇ? ಚಂದಾ ಕಟ್ಟಿದ್ರೆ ಇನ್ನೂ ಏನೇನು ನುಂಗ್ತಾರೆ ಅಂತಾದ್ರೂ ವಾರವಾರ ಗೊತ್ತಾಗುತ್ತೆ. ಕತ್ತಿ ಮಸೆಯೋ ಸದ್ದನ್ನೂ ಕುರಿ ದುಡ್ಡು ಕೊಟ್ಟೇ ಕೇಳ್ಬೇಕಾದ ಕಾಲ ಕಣೇ ಇದು.”

ಹಲ್ಲು ಕಚ್ಚಿ ಚಂದಾ ಕಟ್ಟಿದ. ದುಡ್ಡು ಹೋದ ಬೆನ್ನಿಗೇ ಪರದೆಯ ತುಂಬ ಬಣ್ಣದ ಹೂಗಳು ಉದುರಿದವು: ‘ನಮ್ಮ ಕುಟುಂಬಕ್ಕೆ ಸ್ವಾಗತ! ನೀವೀಗ ಪಾರ್ಕಿನಲ್ಲಿದ್ದೀರಿ. ಈ ಸ್ಥಳದ ಬಗ್ಗೆ ನಾಲ್ಕು ಮಾತು ಬರೆಯಿರಿ.’

ಹೆಂಡತಿ ಫೋನು ಕಿತ್ತುಕೊಂಡಳು. ಒದ್ದೆ ಬೆರಳು ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ‘ಇಲ್ಲಿ ಜನ ಇದ್ದಾರೆ.’

ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ ಬಂತು.

‘ಧನ್ಯವಾದ. ಪಾರ್ಕಿನಲ್ಲಿ ಜನಸಂದಣಿ ಎಂದು ದಾಖಲಿಸಿಕೊಂಡಿದ್ದೇವೆ. ಸಂಬಂಧಪಟ್ಟವರಿಗೆ ತಿಳಿಸಲಾಗಿದೆ.’