ಮಾರೆಣ್ಣ ಬಿಟ್ಟ ಗೋಲುಗಳು

ಮಾರೆಣ್ಣನ ಹೆಸರಿನ ಮುಂದೆ ವೆಂಕಟೇಶ ಕೆಂಪು ಶಾಯಿಯಲ್ಲಿ ಅರವತ್ತೊಂದು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ. ನಲವತ್ತು ಸಂಜೆಯಲ್ಲಿ ಅರವತ್ತೊಂದು ಗೋಲು ಬಿಟ್ಟ ಪುಣ್ಯಾತ್ಮ. ಅದೇ ನಲವತ್ತು ಸಂಜೆ ಎದುರಿನ ಗೋಲು ಕಾಯ್ದ ಜವಳಿ ಅಂಗಡಿಯ ಅನಂತ ಬಿಟ್ಟಿದ್ದು ಇಪ್ಪತ್ತಮೂರೇ. ಇನ್ನು ಯೋಚನೆ ಯಾತರದು? ನಾಳೆ ಆಳು ಆರಿಸುವಾಗ ಬಾಯಿಂದ ಬೀಳುವ ಮೊದಲ ಹೆಸರು ಅನಂತನದೇ.

ಸಿರುಗುಪ್ಪದ ಫುಟ್‌ಬಾಲಿನವರ ಪದ್ಧತಿ ಅದು. ದಸರೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಇಬ್ಬರು ನಾಯಕರು ಎದುರುಬದುರು ನಿಂತು, ನಿನಗೊಬ್ಬ ನನಗೊಬ್ಬ ಅಂತ ಆಟಗಾರರನ್ನು ಹಂಚಿಕೊಳ್ಳಬೇಕು. ಸಂಜೆಗೆ ಆಟ. ಗೆದ್ದ ತಂಡ ಬಳ್ಳಾರಿಯ ಪಂದ್ಯಾವಳಿಗೆ. ಎರಡು ವರ್ಷದಿಂದ ಸೈಕಲ್ ಶಾಪಿನ ದುರುಗಣ್ಣನೇ ಬಳ್ಳಾರಿ ಬಸ್ಸು ಹತ್ತುತ್ತಿದ್ದ; ತಾಲ್ಲೂಕು ಕಚೇರಿಯ ಗುಮಾಸ್ತ ವೆಂಕಟೇಶ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸುತ್ತಿದ್ದ. ಈ ಸಲವೂ ಸೋತರೆ ಮತ್ತೆ ನಾಯಕನಾಗಿ ನಿಲ್ಲುವುದಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಮಾತು ಕೊಟ್ಟುಬಿಟ್ಟಿದ್ದ. ಅದಕ್ಕೇ ನಾಲ್ಕು ತಿಂಗಳಿಂದ ಈ ನೋಟುಬುಕ್ಕು. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಬಿಟ್ಟರು, ತಾರೀಖು ಸಮೇತ.

ಕಾಲುವೆ ದಂಡೆಗೆ ಎಮ್ಮೆ ಬಿಟ್ಟುಕೊಂಡು ದಿನಾ ಸಂಜೆ ಆಟ ನೋಡುವ ಹಾಲಸಿದ್ದಪ್ಪಜ್ಜ ವೆಂಕಟೇಶನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲ. ಬುಕ್ಕು ಈಸಿಕೊಂಡ. ಓದಲು ಬಾರದಿದ್ದರೂ ಒಂದೊಂದೇ ಹಾಳೆ ಸಾವಕಾಶ ತಿರುವಿದ.

“ಇದರಾಗ ಬಿಸಿಲು ಎಲ್ಲಿ ಬರದೀಯೋ, ವೆಂಕಪ್ಪಾ?”

“ಬಿಸಿಲು ಯಾಕಜ್ಜಾ? ಇದು ಗೋಲಿನ ಲೆಕ್ಕ.”

“ಅಲ್ಲಪಾ, ಅಕ್ಕಿ ಮಿಲ್ಲು ಕೂಗಾದು ಐದಕ್ಕ. ಮಾರೆಣ್ಣ ಬೆನ್ನ ಮ್ಯಾಲಿನ ಮೂಟಿ ಇಳಿಸಿ ಬರಾದ್ರಾಗ ನೀವು ಅಂಗಡಿಯವ್ರು, ಕಚೇರಿಯವ್ರು ಬಂದು ಕಾಲಿವಿ ಕಡಿ ಹಿಡಿದಿರತೀರಿ. ನಿಮಗ ಬಿಸಿಲು ಬೆನ್ನಿಗೆ. ತಡಾ ಆಗಿ ಬಂದ ಮಿಲ್ಲಿನವ್ರಿಗೆ ಈಕಡಿ ಗೋಲು. ಅವ್ರಿಗೆ ಬಿಸಿಲು ಮಕಕ್ಕ. ಕತ್ತಲಾಗಾತನ ಕಡಿ ಬದಲಾಯ್ಸಂಗೂ ಇಲ್ಲ.”

“ಮೊದಲು ಬಂದವ್ರು ಕಡಿ ಆರಿಸ್ಕೋಬೇಕು. ಅದು ಹಿಂದಿನಿಂದ ಬಂದ ಪದ್ಧತಿ.”

“ತಪ್ಪು ಅಂದೆನೇನು ನಾ? ಬುಕ್ಕಿನಾಗ ಐತೇನು ಅಂದೆ.” ಅಜ್ಜ ಎಮ್ಮೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ. “ನಾಗರ ಪಂಚಮಿ ಮುಂದ ನಾಕು ದಿನ ಮೋಡ ಕವಿದಿತ್ತು. ಸೂರ್ಯಪ್ಪ ಮಾರಿ ತೋರ್ಸಿದ್ದಿಲ್ಲ. ಆ ನಾಕು ದಿನ ತಗದು ನೋಡು.”

ವೆಂಕಟೇಶ ತೆಗೆದು ನೋಡಿದ. ನಾಲ್ಕು ದಿನವೂ ಸೇರಿ ಮಾರೆಣ್ಣ ಬಿಟ್ಟಿದ್ದು ಒಂದು. ಅನಂತ ಒಂಬತ್ತು. ಎಲ್ಲೋ ಸಾಲು ತಪ್ಪಿದೆನೇನೋ ಅಂತ ಬೆರಳಿಟ್ಟು ಮತ್ತೆ ಎಣಿಸಿದ. ಒಂಬತ್ತೇ.

“ಬರೇ ನಾಕು ದಿನದ ಲೆಕ್ಕಾ ಹೆಂಗ ನಂಬೋದಜ್ಜಾ?”

“ಉಳಿದ ಮೂವತ್ತಾರು ದಿನದ್ದು ಹೆಂಗ ನಂಬಿದ್ದಿ?”

ಭಾನುವಾರ ನಾಣ್ಯ ಹಾರಿಸಿದಾಗ ಮೊದಲ ಸರದಿ ವೆಂಕಟೇಶನಿಗೇ ಬಂತು. “ಮಾರೆಣ್ಣ,” ಅಂದ.

ಗೊಳ್ಳೆಂದು ನಗೆ ಎದ್ದಿತು. ದುರುಗಣ್ಣನಿಗಂತೂ ಕಣ್ಣಲ್ಲಿ ನೀರು. “ಗುಮಾಸ್ತರ, ಬುಕ್ಕು ತಲಿಕೆಳಗ ಹಿಡ್ಕೊಂಡು ಓದೀರೇನ್ರಿ?” ಎಂದವನೇ ತಡಮಾಡದೆ ಅನಂತನ ಹೆಗಲ ಮೇಲೆ ಕೈ ಹಾಕಿ ತನ್ನ ಕಡೆ ಎಳೆದುಕೊಂಡ. ಮಾರೆಣ್ಣ ಕುರುಗೋಡಿನಿಂದ ಮಿಲ್ಲಿಗೆ ಹಮಾಲಿ ಕೆಲಸಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಇಂಥ ಆರಿಸಾಟದಲ್ಲಿ ನಿಂತದ್ದೇ ಮೊದಲು. ಅವನು ಹಿಂದೆ ತಿರುಗಿ ನೋಡಿ, “ಇನ್ಯಾರಾರ ಮಾರೆಣ್ಣ ಅದಾರೇನ್ರಿ?” ಅಂದ.

ಸಂಜೆಯ ಆಟಕ್ಕೆ ಸೀಟಿ ಇತ್ತು, ಅರ್ಧಕ್ಕೆ ಕಡೆ ಬದಲಾಯಿಸುವ ನೇಮವೂ ಇತ್ತು. ಮೊದಲ ಅರ್ಧ ಮಾರೆಣ್ಣನಿಗೆ ಬಿಸಿಲಿನ ಕಡೆಯೇ ಬಂತು. ಕಣ್ಣಿಗೆ ಕೈ ಅಡ್ಡ ಹಿಡಿದವನ ಪಕ್ಕದಿಂದ ದುರುಗಣ್ಣನ ಚೆಂಡು ಒಳಗೆ ಹೋಯಿತು. “ಅರವತ್ತೆರಡು! ಬರಕೊಳ್ರಿ ಗುಮಾಸ್ತರ!” ಅಂತ ಯಾರೋ ಕೂಗಿದರು. ವೆಂಕಟೇಶನಿಗೆ ನೆಲವೇ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಡೆ ಬದಲಾಯಿತು. ಈಗ ಬಿಸಿಲು ಅನಂತನ ಮುಖಕ್ಕೆ. ಕಾಲು ಗಂಟೆಯೊಳಗೆ ಅವನು ಎರಡು ಬಿಟ್ಟ. ಇತ್ತ ಮಾರೆಣ್ಣ ಎಡಕ್ಕೆ ಬಂದದ್ದನ್ನು ಎಡಕ್ಕೆ, ಬಲಕ್ಕೆ ಬಂದದ್ದನ್ನು ಬಲಕ್ಕೆ, ಮೂಟೆ ಹಿಡಿದಂತೆ ಹಿಡಿದು ಹಿಡಿದು ಎಸೆದ. ಕೊನೆಗೆ ದುರುಗಣ್ಣ ಒಬ್ಬನೇ ನುಗ್ಗಿ ಬಂದು ಹತ್ತು ಮಾರು ದೂರದಿಂದ ಬೀಸಿ ಒದ್ದ. ಮಾರೆಣ್ಣ ಹಾರಿದ, ಚೆಂಡು ಎದೆಗವಚಿಕೊಂಡು ಬಿದ್ದ. ಸೀಟಿ ಕೂಗಿತು.

ಹುಡುಗರೆಲ್ಲ ಬಳ್ಳಾರಿ ಬಳ್ಳಾರಿ ಅಂತ ಕುಣಿಯತೊಡಗಿದರು. ವೆಂಕಟೇಶ ಓಡಿಹೋಗಿ ಕೈ ಕೊಟ್ಟು ಎಬ್ಬಿಸಿದರೆ ಮಾರೆಣ್ಣ ಮಣ್ಣು ಸಹ ಕೊಡವಿಕೊಳ್ಳಲಿಲ್ಲ. ಎದುರಿನ ಗೋಲನ್ನೇ ನೋಡುತ್ತ ನಿಂತ. ಅಲ್ಲಿ ಅನಂತ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ.

“ಬಿಸಿಲು ಎಲ್ಲಾರಿಗೂ ಒಂದೇ, ತಡಕೊಳ್ಳಾಕ ಆಗ್ದಿದ್ದು ನನಗ ಅಷ್ಟ ಅನ್ಕೊಂಡಿದ್ದೆ ಗುಮಾಸ್ತರ. ಕನ್ನಡಕ ಹಾಕಿಸ್ಕೊಳ್ಳಾಕ ಹೋಗಬೇಕಂತ ಮನ್ಯಾಗೂ ಹೇಳಿ ಇಟ್ಟೀನಿ.” ಮಾರೆಣ್ಣ ವೆಂಕಟೇಶನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದ.

“ಹಂಗಾರ ನನ್ನ ಕಣ್ಣು ಚೊಲೋ ಅದಾವೇನ್ರಿ?”